ದೋಣಿಗೆ ಭಾರವಾದ ಮೋಟಾರು

‘ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ’ ಎಂದು ನಮ್ಮ ಹಿರಿಯರು ಹೇಳಿದುದು ಸರಿಯಾದ ಮಾತೇ. ಆದರೆ ಆನೆಯ ಭಾರವನ್ನು ಪ್ರೀತಿಯಿಂದಲೇ ಹೊತ್ತು ತಂದು ಇರುವೆಯ ಬೆನ್ನ ಮೇಲೆ ಇರಿಸುವ ಸಜ್ಜನರೂ ಲೋಕದಲ್ಲಿ ಇರುವರಷ್ಟೆ. ಅಂಥ ಹೊತ್ತಿನಲ್ಲಿ ಇರುವೆಯು ಏನು ಮಾಡತಕ್ಕದ್ದೆಂಬುದನ್ನು ಗಾದೆಯು ತಿಳಿಸುವುದಿಲ್ಲ. ಬೇಡವೆಂದರೆ ಕೊಟ್ಟವರ ಮನಸ್ಸು ನೋಯುವುದು. ಬೇಕೆಂದರೆ ಬೆನ್ನು ಮುರಿಯುವುದು. ಈ ಇಕ್ಕಟ್ಟನ್ನು ನಾವು ಪುಸ್ತಕದಲ್ಲಿ ಓದಿ ತಿಳಿದವರಲ್ಲ. ಒಂದು ಸಣ್ಣ ದೋಣಿಯ ಹಿಂದಲೆಯಲ್ಲಿ ಕಣ್ಣಾರೆ ಕಂಡವರು. ನಮ್ಮ ಸಂಘದ ಪತ್ರಿಕೆಯ ವಾಚಕರಲ್ಲಿ ಹೊಳೆಯ ದಡದವರು ಹಲವರಿರುವುದರಿಂದ, ಕಂಡುದನ್ನು ಕಂಡಂತೆ ಇಲ್ಲಿ ಬರೆದಿಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಕಾಸರಗೋಡಿನ ನಾಡು ಹೊಳೆಗಳ ನಾಡು. ಬಡಗಣಿಂದ ತೆಂಕಕ್ಕೆ ಬರುವವನಿಗೆ ಮಂಜೇಶ್ವರದ ಹೊಳೆ, ಉಪ್ಪಳದ ಹೊಳೆ, ಶಿರಿಯಾ ಹೊಳೆ, ಮೊಗ್ರಾಲಿನ ಹೊಳೆ, ಚಂದ್ರಗಿರಿ ಹೊಳೆ ಎಂದು ಒಂದಾದ ಮೇಲೊಂದು ಅಡ್ಡ ಬರುವುವು. ಘಟ್ಟದ ಕಡೆಯಿಂದ ಅವಸರವಾಗಿ ಇಳಿದು ಬಂದ ಈ ಹೊಳೆಗಳು ಪಡುಗಡಲು ಕಾಣಿಸಿದೊಡನೆ ಅಗಲವಾಗಿ, ಆಲಸಿಗಳಾಗಿ, ಉಬ್ಬರದ ಹೊತ್ತಿಗೆ ಹಿಂದಕ್ಕೂ ಇಳಿತದ ಹೊತ್ತಿಗೆ ಮುಂದಕ್ಕೂ ಹರಿಯುತ್ತವೆ. ಹೆದ್ದಾರಿಗೆ ಸೇತುವೆಯುಂಟು, ರೈಲಿಗೆ ಸೇತುವೆಯುಂಟು. ಆದರೆ ಆಚೆಯ ದಡದ ಕುದುರಿನಿಂದ ಈಚೆಯ ದಡದ ಶಾಲೆಗೆ ಬರುವ ಮಗುವಿನ ಕಾಲಿಗೆ ಎಲ್ಲ ಕಡೆಯಲ್ಲಿಯೂ ಸೇತುವೆಯಿಲ್ಲ. ನಾವು ಅಧ್ಯಾಪಕರಾಗಿರುವ ಕನ್ನಡ ಕಿರಿಯ ಪ್ರಾಥಮಿಕ ಶಾಲೆಗೆ ಹೀಗೆ ಕಡವು ದಾಟಿ ಬರುವ ಮಕ್ಕಳು ಇಪ್ಪತ್ತೆರಡು ಮಂದಿ. ಅವರು ದೋಣಿಯಲ್ಲಿ ಬಂದರೆ ಇನ್ನೂರು ಮೀಟರಿನ ದಾರಿ. ಸೇತುವೆಯನ್ನು ಸುತ್ತಿ ಬಂದರೆ ಆರು ಕಿಲೋಮೀಟರು. ಆ ಆರು ಕಿಲೋಮೀಟರಿನ ದಾರಿಯಲ್ಲಿ ಬೇರೆ ಮಾಧ್ಯಮದ ಶಾಲೆಗಳು ಎರಡಿವೆ. ಅವುಗಳ ಹಳದಿ ಬಸ್ಸು ಮನೆಯ ಬಾಗಿಲಿಗೇ ಬರುತ್ತದೆ. ಮಕ್ಕಳ ಸಂಖ್ಯೆ ಇಳಿದ ಶಾಲೆಯನ್ನು ನಮ್ಮ ರಾಜ್ಯದಲ್ಲಿ ‘ಅನ್‌ಎಕನಾಮಿಕ್’ ಎಂಬ ಪಟ್ಟಿಗೆ ಸೇರಿಸುವರೆಂಬುದನ್ನು ಅಧ್ಯಾಪಕ ಬಂಧುಗಳಿಗೆ ನಾವು ವಿವರಿಸಬೇಕಾಗಿಲ್ಲ. ಒಟ್ಟಿನಲ್ಲಿ, ಆ ದೋಣಿಯು ತೇಲುವಷ್ಟು ಕಾಲ ನಮ್ಮ ಶಾಲೆಯೂ ತೇಲುತ್ತದೆ.

ದೋಣಿಯು ಐದು ಮೀಟರು ಉದ್ದ, ಹೊಟ್ಟೆಯ ಬಳಿ ಒಂದು ಕಾಲು ಮೀಟರಿಗೆ ಸ್ವಲ್ಪ ಕಡಿಮೆ ಅಗಲ. ಅದನ್ನು ನಡೆಸುವವರು ನಮ್ಮ ಮಕ್ಕಳು ‘ದೋಣಿಯಜ್ಜ’ ಎಂದು ಕರೆಯುವ ಮೊಗವೀರ ವೃದ್ಧರು. ಮನೆಯಲ್ಲಿ ತುಳು, ಮೀನಿನ ವ್ಯಾಪಾರಕ್ಕೆ ಮಲಯಾಳ, ನಮ್ಮೊಡನೆ ಕನ್ನಡ; ಮೂರು ಭಾಷೆಗಳಲ್ಲಿಯೂ ಮಿತಭಾಷಿಗಳು. ದೋಣಿಯ ಮುಂತುದಿಗೆ ಅವರು ಮಲಯಾಳದವರಂತೆ ‘ಅಣಿಯ’ ಎನ್ನುವರು, ಹಿಂತುದಿಗೆ ‘ಅಮರ’ ಎನ್ನುವರು. ಎಂಟು ಮಕ್ಕಳನ್ನು ಕೂರಿಸಿಕೊಂಡು, ನೀರು ಆಳವಿಲ್ಲದಲ್ಲಿ ಬಿದಿರಿನ ಗಳದಿಂದಲೂ ಆಳವಿದ್ದಲ್ಲಿ ಹುಟ್ಟಿನಿಂದಲೂ ದೋಣಿಯನ್ನು ಆರು ನಿಮಿಷಗಳಲ್ಲಿ ದಾಟಿಸುತ್ತಿದ್ದರು. ಮೂರು ಸಲ ಹೋಗಿ ಬಂದರೆ ಇಪ್ಪತ್ತೆರಡು ಮಂದಿಯೂ ಶಾಲೆಯ ಗಂಟೆಗೆ ಮುನ್ನ ಅಂಗಳದಲ್ಲಿರುತ್ತಿದ್ದರು. ಆದರೆ ಅವರ ಬಲಭುಜವು ಮೂರು ವರ್ಷಗಳಿಂದ ಮಾತು ಕೇಳುತ್ತಿರಲಿಲ್ಲ. ಇಳಿತದ ಸೆಳೆತಕ್ಕೆ ಎದುರಾಗಿ ಹುಟ್ಟು ಹಾಕಿದ ದಿನ ಸಂಜೆ ಅವರು ಎಡಗೈಯಿಂದ ಉಣ್ಣುವರೆಂದು ಅವರ ಮೊಮ್ಮಗಳು ನಮ್ಮ ತರಗತಿಯಲ್ಲಿ ಹೇಳಿದ್ದಳು.

ಈ ಸುದ್ದಿಯು ಶಾಲೆಯ ಹಳೆಯ ವಿದ್ಯಾರ್ಥಿಗಳ ಕಿವಿಗೆ ಬಿದ್ದಿತು. ಕೊಲ್ಲಿಯ ನಾಡುಗಳಲ್ಲಿ ದುಡಿಯುವ ಈ ತರುಣರಿಗೆ ತಾವು ಅಕ್ಷರ ಕಲಿತ ಶಾಲೆಯ ಮೇಲೆ ಇರುವ ಪ್ರೀತಿ ದೊಡ್ಡದು. 2022ರ ದಶಂಬರದಲ್ಲಿ ಅವರು ಹಣ ಕೂಡಿಸಿ ಹದಿನೈದು ಅಶ್ವಶಕ್ತಿಯ ಒಂದು ಔಟ್‌ಬೋರ್ಡ್ ಮೋಟಾರನ್ನು ಕೊಂಡು ತಂದರು. ದೋಣಿಯ ಹಿಂತುದಿಯನ್ನು ಬಡಗಿಯಿಂದ ಕೊಯ್ಯಿಸಿ, ಮೋಟಾರು ತೂಗುಹಾಕುವುದಕ್ಕೆ ದಪ್ಪ ಹಲಗೆಯನ್ನು ಅಡ್ಡ ಹೊಡೆಯಿಸಿದರು. ತೆಂಗಿನಕಾಯಿ ಒಡೆದುದಾಯಿತು, ಮಕ್ಕಳಿಗೆ ಪಾಯಸವಾಯಿತು. ತರುಣರ ಪರವಾಗಿ ಊರಿನಲ್ಲಿ ಇದೆಲ್ಲವನ್ನೂ ನಡೆಸಿಕೊಟ್ಟ ಹಿರಿಯರು, ‘ಇನ್ನು ಮೇಲೆ ಒಂದೂವರೆ ನಿಮಿಷದ ದಾರಿ, ಮಾಸ್ಟ್ರೇ’ ಎಂದು ನಮ್ಮ ಬೆನ್ನು ತಟ್ಟಿದರು. ದೋಣಿಯಜ್ಜನವರು ಮೋಟಾರನ್ನು ಎರಡು ಕೈಗಳಿಂದ ಹಿಡಿದು ಎತ್ತಲು ನೋಡಿದರು. ಅದು ನೆಲ ಬಿಡಲಿಲ್ಲ. ಅವರು ಏನೂ ಹೇಳಲಿಲ್ಲ.

ಈ ಯಂತ್ರದ ಪೂರ್ವಕಥೆಯನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್ರೂಡ್ ಎಂಬಾತನು 1909ರಲ್ಲಿ ದೋಣಿಯ ಹಿಂತುದಿಗೆ ತೂಗುಹಾಕುವ ಮೋಟಾರನ್ನು ಮಾರಾಟಕ್ಕೆ ತಂದನು. ಅದರ ಶಕ್ತಿ ಒಂದೂವರೆ ಅಶ್ವಶಕ್ತಿ. ಭಾರ ಸುಮಾರು 28 ಕಿಲೋ. ಮುಂದೆ ಅವನೇ 1920ರ ದಶಕದ ಆರಂಭದಲ್ಲಿ ಅಲ್ಯುಮಿನಿಯಮ್ ಲೋಹವನ್ನು ಬಳಸಿ, ಶಕ್ತಿಯಲ್ಲಿ ಇಮ್ಮಡಿಯಾದ, ಆದರೆ ಮೊದಲಿನದಕ್ಕಿಂತ ಹಗುರವಾದ ಮೋಟಾರನ್ನು ಮಾಡಿದನು. ಶಕ್ತಿಯನ್ನು ಹೆಚ್ಚಿಸುವುದಕ್ಕೆ ಎಷ್ಟು ಬುದ್ಧಿ ಬೇಕೋ ಭಾರವನ್ನು ಇಳಿಸುವುದಕ್ಕೂ ಅಷ್ಟೇ ಬೇಕೆಂಬುದನ್ನು ಮೊದಲು ಮನಗಂಡವರಲ್ಲಿ ಅವನೊಬ್ಬನು. ನಮ್ಮ ಕೇರಳದ ಕರಾವಳಿಗೆ ಯಂತ್ರದ ಹವ್ಯಾಸವನ್ನು ತಂದವರೂ ನಾರ್ವೆಯವರೇ. 1953ರಲ್ಲಿ ಕೊಲ್ಲಂ ಸಮೀಪದಲ್ಲಿ ಆರಂಭವಾದ ಭಾರತ-ನಾರ್ವೆ ಯೋಜನೆಯಲ್ಲಿ ಹಳೆಯ ದೋಣಿಗಳಿಗೇ ಯಂತ್ರ ಕೂಡಿಸುವ ಮೊದಲ ಯತ್ನವು ಫಲಿಸಲಿಲ್ಲ. ಯಂತ್ರಕ್ಕೆ ತಕ್ಕ ಹೊಸ ದೋಣಿಗಳನ್ನೇ ಕಟ್ಟಬೇಕಾಯಿತು. ಔಟ್‌ಬೋರ್ಡ್ ಮೋಟಾರು ಬೆಸ್ತರ ಮನೆಮಾತಾದುದು 1980ರ ದಶಕದಲ್ಲಿ. ಆಗ ಬಂದವು ಎರಡು ಹೊಡೆತದ ಯಂತ್ರಗಳು. ಹೊಗೆ ಬಹಳ, ಸದ್ದು ಬಹಳ, ಆದರೆ ಹದಿನೈದು ಅಶ್ವಶಕ್ತಿಗೆ ಭಾರ ಮೂವತ್ತೈದು ಕಿಲೋದ ಆಸುಪಾಸು. ಈಚೆಗೆ ಬರುವ ನಾಲ್ಕು ಹೊಡೆತದ ಯಂತ್ರವು ಎಣ್ಣೆಯನ್ನು ಕಡಿಮೆ ಕುಡಿಯುವುದು, ಹೊಗೆ ಕಡಿಮೆ ಬಿಡುವುದು. ಆದರೆ ಅದರ ಹೊಟ್ಟೆಯಲ್ಲಿ ವಾಲ್ವುಗಳೂ ಅವನ್ನು ಕುಣಿಸುವ ದಂಡವೂ ಎಣ್ಣೆಯ ತೊಟ್ಟಿಯೂ ಇರುವುದರಿಂದ, ಅದೇ ಶಕ್ತಿಗೆ ಭಾರವು ಐವತ್ತು ಕಿಲೋವನ್ನು ಮುಟ್ಟುತ್ತದೆ. ಹಳೆಯ ಯಂತ್ರದ ಅಳತೆಗೆ ಮಾಡಿದ ದೋಣಿಗೂ ಹೊಸ ಯಂತ್ರವು ಹೀಗೆ ಭಾರವಾಗುವುದುಂಟು. ಯಂತ್ರವನ್ನೇ ಕಾಣದ ದೋಣಿಯ ಪಾಡನ್ನು ಹೇಳಬೇಕೆ?

ಮೋಟಾರು ಕೂಡಿಸಿದ ಮರುದಿನ ಮಕ್ಕಳಿಲ್ಲದೆ ದೋಣಿಯನ್ನು ಓಡಿಸಿ ನೋಡಿದುದಾಯಿತು. ನಾವು ನಡುವಿನ ಹಲಗೆಯ ಮೇಲೆ ಕುಳಿತಿದ್ದೆವು. ಈ ಮೊದಲು ನಡುವಿಗೆ ಸಮೀಪದಲ್ಲಿ ಕುಳಿತು ಹುಟ್ಟು ಹಾಕುತ್ತಿದ್ದ ದೋಣಿಯಜ್ಜನವರು, ಈಗ ಮೋಟಾರಿನ ಹಿಡಿಯನ್ನು ಹಿಡಿಯುವುದಕ್ಕಾಗಿ ಅಮರದ ತುದಿಗೇ ಹೋಗಿ ಕೂರಬೇಕಾಯಿತು. ಮೋಟಾರಿನ ಭಾರ ಅಲ್ಲಿ, ಅಜ್ಜನ ಭಾರ ಅಲ್ಲಿ, ಪೆಟ್ರೋಲಿನ ಡಬ್ಬಿಯೂ ಅವರ ಕಾಲ ಬಳಿಯಲ್ಲಿ. ಯಂತ್ರವು ಗರ್ಜಿಸಿದೊಡನೆ ದೋಣಿಯು ಹಿಂಗಾಲ ಮೇಲೆ ನಿಂತ ಕುದುರೆಯಂತೆ ಮೂತಿಯನ್ನು ಮೇಲೆತ್ತಿತು. ಮುಂದಿನ ದಾರಿ ಕಾಣಿಸದಾಯಿತು; ಹಿಂದೆ ನೋಡಿದರೆ ನೀರು ಹಲಗೆಯ ಅಂಚಿಗೆ ಅಂಗೈಯಷ್ಟು ಕೆಳಗೆ ಕುದಿಯುತ್ತಿತ್ತು. ದಡವು ಸಮೀಪಿಸಿತೆಂದು ಅಜ್ಜನವರು ವೇಗವನ್ನು ಒಮ್ಮೆಗೇ ಇಳಿಸಿದರು. ದೋಣಿಯು ನಿಂತಿತು, ಆದರೆ ಅದರ ಬೆನ್ನು ಹಿಡಿದು ಬರುತ್ತಿದ್ದ ಅಲೆಯು ನಿಲ್ಲಲಿಲ್ಲ. ಅದು ಹಿಂದಿನ ಹಲಗೆಯನ್ನು ಹತ್ತಿ ಬಂದು ಅಜ್ಜನವರ ಮಡಿಲಲ್ಲಿ ಕುಳಿತಿತು. ಒದ್ದೆಯಾದ ಪಂಚೆಯನ್ನು ಹಿಂಡುತ್ತ ಅವರು, ‘ಮಾಸ್ಟ್ರೇ, ಓಡುವಾಗ ಮಾಡಿದ ಸಾಲವನ್ನು ನಿಲ್ಲುವಾಗ ಹೊಳೆ ಕೇಳುತ್ತದೆ. ಇದರಲ್ಲಿ ಮಕ್ಕಳನ್ನು ನಾನು ಹತ್ತಿಸುವುದಿಲ್ಲ’ ಎಂದರು.

ಕಡವಿನಲ್ಲಿ ನೆರೆದಿದ್ದ ತರುಣರು ಅಷ್ಟಕ್ಕೆ ಸೋಲುವವರಲ್ಲ. ಹಿಂದೆ ಭಾರವಾದರೆ ಮುಂದೆಯೂ ಭಾರವಿಟ್ಟರಾಯಿತೆಂದು ಅವರು ಮರಳಿನ ಚೀಲವೊಂದನ್ನು ಅಣಿಯದಲ್ಲಿ ಇಟ್ಟರು. ದೋಣಿಯು ಸಮನಾಯಿತು, ನೋಡುವುದಕ್ಕೆ ಚೆಲುವೂ ಆಯಿತು. ಆದರೆ ಐವತ್ತು ಕಿಲೋ ಕಬ್ಬಿಣಕ್ಕೆ ಐವತ್ತು ಕಿಲೋ ಮರಳು ಜೊತೆಯಾಗಿ, ದೋಣಿಯು ಉದ್ದಕ್ಕೂ ತಗ್ಗಿತು. ನಮ್ಮ ನಾಲ್ಕನೆಯ ತರಗತಿಯ ಮಕ್ಕಳು ತಲೆಗೆ ಇಪ್ಪತ್ತೈದು ಕಿಲೋದ ಆಸುಪಾಸಿನವರು. ಎಂದರೆ ನಾಲ್ಕು ಮಂದಿ ಮಕ್ಕಳು ಕೂರಬೇಕಾದ ಜಾಗದಲ್ಲಿ ಮೋಟಾರೂ ಮರಳೂ ಟಿಕೆಟ್ಟಿಲ್ಲದೆ ಕುಳಿತಂತಾಯಿತು. ಎಂಟು ಮಂದಿಯ ದೋಣಿಯು ನಾಲ್ಕು ಮಂದಿಯದಾಯಿತು. ಮೂರು ಸಲದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಆರು ಸಲ ಬೇಕಾಯಿತು. ಪ್ರತಿ ಸಲವೂ ಹತ್ತಿಸುವುದು, ಇಳಿಸುವುದು, ಕಟ್ಟುವುದು, ಬಿಚ್ಚುವುದು. ಲೆಕ್ಕ ಹಾಕಿದರೆ ಶಾಲೆಯ ಗಂಟೆಗೆ ಮಕ್ಕಳನ್ನು ಮುಟ್ಟಿಸುವುದರಲ್ಲಿ ಒಂದೂವರೆ ನಿಮಿಷದ ಮೋಟಾರಿಗಿಂತ ಆರು ನಿಮಿಷದ ಬಿದಿರಿನ ಗಳವೇ ಮುಂದಾಯಿತು.

ಇನ್ನೊಂದು ತೊಡಕು ದಿನವೂ ಸಂಜೆಯದು. ಕಳ್ಳರ ಭಯದಿಂದ ಮೋಟಾರನ್ನು ರಾತ್ರಿ ದೋಣಿಯಲ್ಲಿ ಬಿಡುವಂತಿಲ್ಲ. ಅಲುಗಾಡುವ ದೋಣಿಯ ತುದಿಯಲ್ಲಿ ನಿಂತು, ಹೊರಗಡೆ ನೀರಿನ ಮೇಲೆ ತೂಗುತ್ತಿರುವ ಐವತ್ತು ಕಿಲೋವನ್ನು ಬಗ್ಗಿ ಎತ್ತುವುದೆಂದರೆ, ಬೆನ್ನಿಗೂ ದೋಣಿಗೂ ಒಂದೇ ಸಲ ಪರೀಕ್ಷೆ. ಇಬ್ಬರು ಬೇಕು, ಇಬ್ಬರೂ ಹಿಂದಕ್ಕೆ ಹೋದರೆ ಅಮರವು ನೀರಿಗೆ ಮುತ್ತಿಕ್ಕುವುದು. ಹೇಗೋ ದಡಕ್ಕೆ ತಂದು ಮಲಗಿಸೋಣವೆಂದರೆ ನಾಲ್ಕು ಹೊಡೆತದ ಯಂತ್ರವನ್ನು ಹೇಗೆ ಬೇಕಾದರೂ ಮಲಗಿಸುವಂತಿಲ್ಲ. ಗೊತ್ತಾದ ಒಂದು ಮಗ್ಗುಲ ಮೇಲೆಯೇ ಮಲಗಿಸಬೇಕು, ಇಲ್ಲವಾದರೆ ತೊಟ್ಟಿಯ ಎಣ್ಣೆಯು ಸಿಲಿಂಡರಿಗೆ ನುಗ್ಗುವುದು. ಇಬ್ಬರು ತರುಣರು ಅದನ್ನು ಬಿದಿರಿಗೆ ಕಟ್ಟಿ ಪಲ್ಲಕ್ಕಿಯಂತೆ ಶಾಲೆಯ ಉಗ್ರಾಣಕ್ಕೆ ಹೊತ್ತು ತಂದರು. ಅಂದಿನಿಂದ ಅದು ಗೋಣಿಚೀಲ ಹೊದ್ದು ಅಲ್ಲಿಯೇ ಕುಳಿತಿತು. ದೋಣಿಯಜ್ಜನವರು ಕೊಯ್ದ ಹಿಂತುದಿಯ ದೋಣಿಯನ್ನು ಮತ್ತೆ ಗಳದಿಂದ, ನೋಯುವ ಭುಜದಿಂದ, ನಡೆಸತೊಡಗಿದರು.

ನಾವು ಯಂತ್ರಶಾಸ್ತ್ರವನ್ನು ಓದಿದವರಲ್ಲ, ಟಿ.ಟಿ.ಸಿ. ಮಾತ್ರ ಮಾಡಿದವರು. ಆದರೆ ಆರ್ಕಿಮಿಡೀಸನನ್ನು ಮಕ್ಕಳಿಗೆ ಪರಿಚಯಿಸುವುದು ನಮ್ಮ ಕೆಲಸವೇ ಆಗಿದೆ. ಅಡಿಕೆಯ ಹಾಳೆಯನ್ನು ಮಡಿಸಿ ದೋಣಿ ಮಾಡಿ, ಅಡಿಗೆಮನೆಯ ದೊಡ್ಡ ಬಾನಿಯಲ್ಲಿ ತೇಲಬಿಟ್ಟೆವು. ಒಂದು ಕಲ್ಲನ್ನು ನಡುವೆ ಇರಿಸಿದಾಗ ಹಾಳೆಯು ಒಂದಿಷ್ಟು ತಗ್ಗಿ ಸುಮ್ಮನಾಯಿತು. ಅದೇ ಕಲ್ಲನ್ನು ತುದಿಗೆ ಸರಿಸಿದಾಗ ಆ ತುದಿಯು ಮುಳುಗಿ ನೀರು ಒಳಗೆ ಬಂದಿತು. ಅಜ್ಜನ ಮೊಮ್ಮಗಳು ಕೂಡಲೇ, ‘ಮಾಸ್ಟ್ರೇ, ಕಲ್ಲು ಅದೇ, ಕೂತ ಜಾಗ ಬೇರೆ’ ಎಂದಳು. ನಾವು ಪಾಠದ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದ ಎರಡು ಪುಟಗಳನ್ನು ಆ ಹುಡುಗಿ ಐದು ಮಾತಿನಲ್ಲಿ ಮುಗಿಸಿದ್ದಳು.

ಇದೇ ಸಂಗತಿಯನ್ನು ಲೆಕ್ಕದಲ್ಲಿ ಹೀಗೆ ಹೇಳಬಹುದು. ನಮ್ಮ ದೋಣಿಯು ನೀರಿನ ಮೇಲೆ ಆವರಿಸುವ ಜಾಗವು ಸುಮಾರು ನಾಲ್ಕು ಚದರ ಮೀಟರು. ಅದನ್ನು ಒಂದು ಸೆಂಟಿಮೀಟರು ತಗ್ಗಿಸಬೇಕಾದರೆ ನಲವತ್ತು ಲೀಟರು ನೀರನ್ನು ಸರಿಸಬೇಕು, ಎಂದರೆ ನಲವತ್ತು ಕಿಲೋ ಭಾರವನ್ನು ಇರಿಸಬೇಕು. ಐವತ್ತು ಕಿಲೋದ ಮೋಟಾರು ನಡುವಿನಲ್ಲಿ ಕುಳಿತರೆ ದೋಣಿಯು ಒಂದೂಕಾಲು ಸೆಂಟಿಮೀಟರಿನಷ್ಟು ಮಾತ್ರ ತಗ್ಗುವುದು. ತುದಿಯಲ್ಲಿ ತೂಗಿದರೆ ಆ ತುದಿಯು ನಾಲ್ಕೈದು ಸೆಂಟಿಮೀಟರು ಇಳಿಯುವುದು, ಎದುರು ತುದಿಯು ಏಳುವುದು. ನಾವು ಲೆಕ್ಕವನ್ನಷ್ಟೇ ನಂಬಲಿಲ್ಲ. ದೋಣಿಯ ಹಿಂಭಾಗದ ಎರಡು ಮಗ್ಗುಲುಗಳಲ್ಲಿಯೂ ಅಂಚಿನಿಂದ ಕೆಳಕ್ಕೆ ಬಿಳಿಯ ಬಣ್ಣದಿಂದ ಸೆಂಟಿಮೀಟರಿನ ಗೆರೆಗಳನ್ನು ಎಳೆದು ಅಳೆದೆವು. ಮಕ್ಕಳ ಬದಲಿಗೆ ಅಷ್ಟೇ ತೂಕದ ಅಕ್ಕಿಯ ಮುಡಿಗಳನ್ನೂ ಚೀಲಗಳನ್ನೂ ಇರಿಸಿದುದಾಯಿತು. ಅಜ್ಜನವರು ನಡುವಿನ ಬಳಿ ಕುಳಿತಾಗ ಹಿಂದಿನ ಅಂಚಿಗೂ ನೀರಿಗೂ ನಡುವೆ 26 ಸೆಂಟಿಮೀಟರು ಒಣ ಹಲಗೆಯಿತ್ತು. ಮೋಟಾರನ್ನು ತೂಗಿ, ಅಜ್ಜನವರು ತುದಿಗೆ ಸರಿದು, ಎಣ್ಣೆಯ ಡಬ್ಬಿಯೂ ಅಲ್ಲಿಯೇ ಬಂದಾಗ ಅದು ನಿಂತ ನೀರಿನಲ್ಲಿಯೇ 17 ಸೆಂಟಿಮೀಟರಾಯಿತು. ವೇಗ ಹೆಚ್ಚಿಸಿದಾಗ ಕಂಡುದು 9 ಸೆಂಟಿಮೀಟರು. ಮರಳಿನ ದೋಣಿಯೊಂದು ಪಕ್ಕದಲ್ಲಿ ಹಾದುಹೋದರೆ ಏಳುವ ಅಲೆಗೆ ಅಷ್ಟು ಸಾಕು.

ಇಷ್ಟೊಂದು ಶಕ್ತಿಯಿಂದ ನಮ್ಮ ದೋಣಿಗೆ ದೊರೆಯುತ್ತಿದ್ದುದಾದರೂ ಏನು? ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ವೇಗದ ಮಿತಿಯನ್ನು ಹಾಕುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಫ್ರೂಡ್ ಎಂಬ ಎಂಜಿನಿಯರನು ಸಣ್ಣ ಸಣ್ಣ ಮಾದರಿ ಹಡಗುಗಳನ್ನು ಕೊಳದಲ್ಲಿ ಎಳೆಯಿಸಿ ಈ ಬಗೆಯ ನಿಯಮಗಳನ್ನು ಅರಸಿದನು. ಐದು ಮೀಟರಿನ ದೋಣಿಗೆ ಆ ಮಿತಿಯು ಗಂಟೆಗೆ ಸುಮಾರು ಹತ್ತು ಕಿಲೋಮೀಟರು. ಅದನ್ನು ಮುಟ್ಟುವವರೆಗೆ ಎರಡು ಎರಡೂವರೆ ಅಶ್ವಶಕ್ತಿಯು ದುಡಿಯುತ್ತದೆ. ಅದರಾಚೆಗೆ ಸುರಿದ ಶಕ್ತಿಯ ಬಹುಭಾಗವು ದೋಣಿಯ ಮೂತಿಯನ್ನು ಎತ್ತುವುದಕ್ಕೂ ಹಿಂದಲೆಯನ್ನು ಒತ್ತುವುದಕ್ಕೂ ದೊಡ್ಡ ಅಲೆಯನ್ನು ಎಬ್ಬಿಸುವುದಕ್ಕೂ ವ್ಯಯವಾಗುತ್ತದೆ. ಚಪ್ಪಟೆ ತಳದ ಹಗುರ ದೋಣಿಯಾದರೆ ಅದು ನೀರಿನ ಮೇಲಕ್ಕೆದ್ದು ಜಾರಬಹುದು. ಮಕ್ಕಳನ್ನು ಹೊತ್ತ ನಮ್ಮ ದುಂಡುಹೊಟ್ಟೆಯ ದೋಣಿಗೆ ಆ ಯೋಗವಿಲ್ಲ. ಇನ್ನೂರು ಮೀಟರಿನ ಹೊಳೆಯಲ್ಲಿ ಅದರ ಅವಶ್ಯಕತೆಯೂ ಇಲ್ಲ.

ಇಷ್ಟು ತಿಳಿದ ಮೇಲೆ ಉಳಿದುದು ತಿಳಿಸುವ ಕೆಲಸ. ಅದೇ ಎಲ್ಲಕ್ಕಿಂತ ಕಷ್ಟವಾದುದು. ದಾನ ಕೊಟ್ಟ ಎತ್ತಿನ ಹಲ್ಲು ಹಿಡಿದು ನೋಡಬಾರದೆಂಬ ಮಾತು ಎಲ್ಲರಿಗೂ ಗೊತ್ತಿದೆ. 2023ರ ಜನವರಿಯಲ್ಲಿ ನಾವೂ ದೋಣಿಯಜ್ಜನವರೂ ಹಿರಿಯರ ಮನೆಗೆ ಹೋಗಿ ಗೆರೆಗಳ ಲೆಕ್ಕವನ್ನು ಅವರ ಮುಂದೆ ಇಟ್ಟೆವು. ಅವರು ಬೆಲ್ಲ ನೀರು ಕೊಟ್ಟು ಉಪಚರಿಸಿದರು. ಆದರೆ ಮುಖವು ಸಣ್ಣದಾಯಿತು. ‘ಹುಡುಗರು ಮರಳುಗಾಡಿನಲ್ಲಿ ಬೆವರು ಸುರಿಸಿ ಕಳುಹಿಸಿದ್ದಾರೆ, ಮಾಸ್ಟ್ರೇ. ಬೇಡವೆಂದು ನಾನು ಅವರಿಗೆ ಹೇಗೆ ಬರೆಯಲಿ?’ ಎಂದರು. ಅದಕ್ಕೆ ಅಜ್ಜನವರು, ‘ಹುಡುಗರ ಪ್ರೀತಿ ಬೇಡವೆಂದು ಯಾರೂ ಹೇಳುವುದಿಲ್ಲ ಧನಿಗಳೇ. ನನ್ನ ದೋಣಿಗೆ ಅದನ್ನು ಹೊರುವ ತ್ರಾಣ ಇಲ್ಲ, ಅಷ್ಟೇ’ ಎಂದರು. 2007ರ ಫೆಬ್ರವರಿ 20ರಂದು ಪೆರಿಯಾರ್ ಹೊಳೆಯ ತಟ್ಟೇಕಾಡಿನಲ್ಲಿ ಶಾಲೆಯ ಪ್ರವಾಸದ ದೋಣಿಯು ಮುಳುಗಿ 15 ಮಂದಿ ಮಕ್ಕಳೂ 3 ಮಂದಿ ಅಧ್ಯಾಪಕರೂ ಸತ್ತ ಸಂಗತಿಯನ್ನು ನಾವು ನೆನಪಿಸಿದೆವು. ಹಿರಿಯರು ‘ನೋಡೋಣ’ ಎಂದರು. ಆ ಬೇಸಗೆಯೆಲ್ಲ ಅವರು ಶಾಲೆಯ ಕಡೆಗೆ ಬರಲಿಲ್ಲ. ಊರಿನಲ್ಲಿ ‘ಮಾಸ್ಟ್ರಿಗೆ ಮೋಟಾರು ಸೇರುವುದಿಲ್ಲವಂತೆ’ ಎಂಬ ಮಾತೂ ಹಬ್ಬಿತು.

2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ, ಹಿಡಿಸುವುದಕ್ಕಿಂತ ಹೆಚ್ಚು ಮಂದಿಯನ್ನು ತುಂಬಿಕೊಂಡು ಹೋದ ವಿಹಾರದೋಣಿಯೊಂದು ಮಗುಚಿ 22 ಮಂದಿ ನೀರುಪಾಲಾದರು. ಅವರಲ್ಲಿ ಬಹುಮಂದಿ ಮಕ್ಕಳು. ಮರುದಿನ ಬೆಳಗ್ಗೆ ಹಿರಿಯರು ತಾವಾಗಿಯೇ ಕಡವಿಗೆ ಬಂದರು. ದೋಣಿಯ ಮಗ್ಗುಲಿನ ಬಿಳಿಯ ಗೆರೆಗಳನ್ನು ಬಹಳ ಹೊತ್ತು ನೋಡಿದರು. ‘ಒಂಬತ್ತು ಎಂದರೆ ಯಾವುದು?’ ಎಂದು ಕೇಳಿದರು. ಅಜ್ಜನವರು ತೋರಿಸಿದರು. ಹಿರಿಯರು ಆ ಗೆರೆಯ ಮೇಲೆ ಅಂಗೈಯನ್ನು ಅಡ್ಡಲಾಗಿ ಇರಿಸಿದರು. ಅಂಗೈಯು ಅಂಚಿಗೆ ಸರಿಯಾಗಿ ಮುಟ್ಟಿತು. ಅಲ್ಲಿಂದ ಮುಂದೆ ನಾವು ಹೇಳಬೇಕಾದುದು ಏನೂ ಉಳಿಯಲಿಲ್ಲ.

ಮೋಟಾರು ಕಡಲ ದಂಡೆಯ ಬೆಸ್ತರ ಕೂಟವೊಂದರ ದೊಡ್ಡ ಫೈಬರ್ ದೋಣಿಗೆ ಹೋಯಿತು. ಅಲ್ಲಿ ಅದು ಅಲೆಗಳನ್ನು ಎದುರಿಸಿ ತನ್ನ ಶಕ್ತಿಗೆ ತಕ್ಕ ಕೆಲಸ ಮಾಡುತ್ತಿದೆ. ಬಂದ ಹಣದಲ್ಲಿ ಎರಡೂವರೆ ಅಶ್ವಶಕ್ತಿಯ, ಹದಿನೈದು ಕಿಲೋ ತೂಕದ ಸಣ್ಣ ಮೋಟಾರೂ ಇಪ್ಪತ್ತೈದು ಲೈಫ್ ಜಾಕೆಟ್ಟುಗಳೂ ದೊರೆತವು. ಕೊಲ್ಲಿಯ ತರುಣರಿಗೆ ಹಿರಿಯರೇ ಎಲ್ಲವನ್ನೂ ಬರೆದರು. ಜಾಕೆಟ್ಟು ತೊಟ್ಟ ಮಕ್ಕಳ ಚಿತ್ರವನ್ನು ಕಂಡು ಅವರು ಸಂತೋಷಪಟ್ಟರೆಂದು ಉತ್ತರ ಬಂದಿತು. ಮೋಟಾರು ಕೂಡಿಸಿದೊಡನೆ ದೋಣಿಯು ಕಾನೂನಿನ ಕಣ್ಣಿಗೆ ಯಂತ್ರದ ನೌಕೆಯಾಗುವುದರಿಂದ, 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡಿನ ನೌಕೆಗಳ ಕಾಯಿದೆಯಂತೆ ತಪಾಸಣೆಯೂ ನೋಂದಣಿಯೂ ಆಗಬೇಕಾಯಿತು. ಆ ಕಾಗದಪತ್ರಗಳಿಗೆ ಮೂರು ತಿಂಗಳು ಹಿಡಿಯಿತು. ಅದು ಹೇಗೂ ಕೆಂಪುನೀರಿನ ಮಳೆಗಾಲ. ಅಕ್ಟೋಬರಿನಲ್ಲಿ ದೋಣಿಯು ಸಣ್ಣ ಮೋಟಾರಿನೊಡನೆ ಹೊಳೆಗಿಳಿಯಿತು.

ನಮ್ಮಂತೆಯೇ ಇಕ್ಕಟ್ಟಿಗೆ ಸಿಕ್ಕಿದವರಿಗೆ ಉಪಯೋಗವಾಗಲೆಂದು, ದೋಣಿಯಜ್ಜನವರು ಅನುಸರಿಸುವ ಕ್ರಮವನ್ನು ಹೇಳುತ್ತೇವೆ. ಮೋಟಾರಿನ ಹಿಡಿಗೆ ಹಗುರವಾದ ಕೊಳವೆಯನ್ನು ಬಿಗಿದು ಉದ್ದಮಾಡಿರುವುದರಿಂದ ಅವರು ತುದಿಯಲ್ಲಿ ಕೂರಬೇಕಾಗಿಲ್ಲ. ನಡುವಿನ ಹತ್ತಿರವೇ ಕುಳಿತು ನಡೆಸುತ್ತಾರೆ. ದೊಡ್ಡ ಮಕ್ಕಳನ್ನು ಮುಂದೆ, ಸಣ್ಣವರನ್ನು ನಡುವೆ ಕೂರಿಸುತ್ತಾರೆ. ದಡ ಮುಟ್ಟುವವರೆಗೆ ಯಾರೂ ಏಳುವಂತಿಲ್ಲ. ಹೆಚ್ಚಿನ ಎಣ್ಣೆಯ ಡಬ್ಬಿಯು ದೋಣಿಯಲ್ಲಿಲ್ಲ, ದಡದಲ್ಲಿದೆ. ಮೋಟಾರಿನ ತಿರುಪುಗಳನ್ನು ಬಿಗಿದ ಮೇಲೆಯೂ ಅದನ್ನು ದೋಣಿಗೆ ಹಗ್ಗದಿಂದ ಕಟ್ಟಿರುತ್ತಾರೆ. ವೇಗವನ್ನು ಒಮ್ಮೆಗೇ ಹೆಚ್ಚಿಸುವುದಿಲ್ಲ, ಒಮ್ಮೆಗೇ ಇಳಿಸುವುದೂ ಇಲ್ಲ. ಹಿಂದೆ ಬರುವ ಅಲೆಗೆ ಆರಿಹೋಗುವಷ್ಟು ಸಮಯ ಕೊಡುತ್ತಾರೆ. ಸಂಜೆ ದೋಣಿಯನ್ನು ಎರಡು ಕಡೆಯಲ್ಲಿ ಕಟ್ಟಿ, ಮಕ್ಕಳೆಲ್ಲ ಇಳಿದ ಮೇಲೆ ಮೋಟಾರನ್ನು ಬಿಚ್ಚಿ, ಹಾಲಿನ ಕ್ಯಾನಿನಂತೆ ಎಡಗೈಯಲ್ಲಿ ತೂಗಿಸಿಕೊಂಡು ಮನೆಗೆ ಹೋಗುತ್ತಾರೆ. ಗಳವೂ ಹುಟ್ಟೂ ಮೊದಲಿನಂತೆಯೇ ದೋಣಿಯಲ್ಲಿವೆ. ಯಂತ್ರವು ಮುನಿದ ದಿನಕ್ಕೆ ಅವು ಬೇಕು. ಈಗ ಎಂಟು ಮಕ್ಕಳು ಕುಳಿತಾಗ ಹಿಂದಿನ ಅಂಚು ಮೊದಲಿಗಿಂತ ಎರಡು ಸೆಂಟಿಮೀಟರು ಮಾತ್ರ ತಗ್ಗುತ್ತದೆ. ದಾಟುವುದಕ್ಕೆ ಎರಡು ನಿಮಿಷ ಸಾಕು.

ಬಿಳಿಯ ಗೆರೆಗಳಲ್ಲಿ ಅಂಚಿನಿಂದ ಇಪ್ಪತ್ತನೆಯದನ್ನು ನಾವು ಕೆಂಪು ಮಾಡಿಸಿದ್ದೇವೆ. ಸರಕು ತುಂಬಿದ ಹಡಗುಗಳು ಮುಳುಗಿ ನಾವಿಕರು ಸಾಯುವುದನ್ನು ಸಹಿಸದೆ ಸಾಮ್ಯುಯೆಲ್ ಪ್ಲಿಮ್‌ಸೋಲ್ ಎಂಬ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯನು ಹೋರಾಡಿ, ಹಡಗಿನ ಮಗ್ಗುಲಿಗೆ ಭಾರದ ಗೆರೆಯನ್ನು ಬರೆಯಿಸುವ ಕಾಯಿದೆಯನ್ನು 1876ರಲ್ಲಿ ತರಿಸಿದ ಕಥೆಯನ್ನು ಮಕ್ಕಳಿಗೆ ಹೇಳಿದ ಮೇಲೆ ಈ ಕೆಲಸ ಅವರದೇ ಆಯಿತು. ನಿಂತ ನೀರಿನಲ್ಲಿ ಕೆಂಪು ಗೆರೆಯು ನೆನೆದರೆ ಒಬ್ಬರು ಇಳಿದು ಮುಂದಿನ ಸಲ ಬರಬೇಕು. ಇಳಿಯುವವನು ಮಂತ್ರಿಯ ಮಗನೋ ಮೀನುಗಾರನ ಮಗಳೋ ಎಂಬುದನ್ನು ಗೆರೆಯು ಕೇಳುವುದಿಲ್ಲ. ಪ್ರತಿ ವರ್ಷ ಜೂನಿನಲ್ಲಿ ಶಾಲೆ ತೆರೆಯುವ ಮುನ್ನ ನಾಲ್ಕನೆಯ ತರಗತಿಯವರು ಗೆರೆಗೆ ಹೊಸ ಬಣ್ಣ ಹಚ್ಚುತ್ತಾರೆ. ಈ ವರ್ಷ ಕಡವು ದಾಟಿ ಬರುವವರು ಇಪ್ಪತ್ತನಾಲ್ಕು ಮಂದಿ, ಇಬ್ಬರು ಹೆಚ್ಚಿದ್ದಾರೆ. ಹಳದಿ ಬಸ್ಸಿನಿಂದ ಮರಳಿ ಬಂದ ಆ ಇಬ್ಬರಲ್ಲಿ ಒಬ್ಬನು ಹಿರಿಯರ ಮೊಮ್ಮಗನು. ಅವನನ್ನು ಕಳುಹಿಸಲು ಕಡವಿಗೆ ಬರುವ ಹಿರಿಯರು, ಹುಡುಗನನ್ನು ಹತ್ತಿಸುವ ಮುನ್ನ ದೋಣಿಯ ಹಿಂದಕ್ಕೆ ಬಗ್ಗಿ ನೋಡಿ, ‘ಕೆಂಪು ಕಾಣುತ್ತದೆಯೇ, ಅಜ್ಜಾ?’ ಎಂದು ದಿನವೂ ಕೇಳುತ್ತಾರೆ.